ಕೈ ತೊಳೆಯುವ ಜಾಗದ ಆಯ್ಕೆ



ವಿಜ್ಞಾನದ ಭಾಷಣವೆಂದರೆ ಗ್ರಹಣ, ಉಪಗ್ರಹ, ಪರಮಾಣು ಎಂದು ನೀವು ನಿರೀಕ್ಷಿಸುವುದು ಸಹಜ. ಈ ದಿನ ನಾನು ಮಾತನಾಡಬೇಕೆಂದಿರುವುದು ನಿಮ್ಮ ಮನೆಯ ಬಚ್ಚಲಿನಲ್ಲೋ, ಊಟದ ಮನೆಯ ಮೂಲೆಯಲ್ಲೋ ಇರುವ ವಾಷ್‌ಬೇಸಿನ್ ಬಗ್ಗೆ. ವಿಷಯ ಚಿಕ್ಕದೆನಿಸಬಹುದು. ಆದರೆ ನೀವು ಎಂಟನೆಯ ತರಗತಿಯಿಂದ ಪದವಿಯವರೆಗೆ ಓದುವ ಸನ್ನೆಗೋಲು, ಆಮ್ಲ, ಬೆಳಕಿನ ಪ್ರತಿಫಲನ ಇವೆಲ್ಲ ಆ ಒಂದು ಮೀಟರ್ ಜಾಗದಲ್ಲಿ ಒಟ್ಟಿಗೆ ಸೇರಿವೆ. ಅದನ್ನು ತಪ್ಪಾಗಿ ಆರಿಸಿದರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಮನೆಯಲ್ಲೇ ಕಂಡಿದ್ದೇನೆ.

ಅಂಗಡಿಗಳಲ್ಲಿ ಈಗ ಇದಕ್ಕೆ ವ್ಯಾನಿಟಿ ಎಂಬ ಹೆಸರಿದೆ. ಬೇಸಿನ್, ಅದನ್ನು ಹೊತ್ತ ಕಲ್ಲಿನ ಹಲಗೆ, ಕೆಳಗಿನ ಬೀರು, ಮೇಲಿನ ಕನ್ನಡಿ ಎಲ್ಲ ಸೇರಿದರೆ ಒಂದು ವ್ಯಾನಿಟಿ. ಇಂಗ್ಲಿಷಿನಲ್ಲಿ ಈ ಪದಕ್ಕೆ ಒಣ ಹೆಮ್ಮೆ ಎಂಬ ಅರ್ಥವೂ ಇದೆ. ಕನ್ನಡಿಯ ಮುಂದೆ ಕುಳಿತು ಅಲಂಕರಿಸಿಕೊಳ್ಳುವ ಮೇಜಿಗೆ ಮೊದಲು ಅಂಟಿದ್ದ ಆ ಹೆಸರು ಆಮೇಲೆ ಬಚ್ಚಲಿಗೂ ಬಂದಿತು. ನನ್ನ ಮಟ್ಟಿಗಂತೂ ಆ ಹೆಸರು ಚೆನ್ನಾಗಿಯೇ ಒಪ್ಪಿತು. ಹೇಗೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಊರಿನ ಮನೆಯನ್ನು ಬಿಟ್ಟು ನಮ್ಮೊಡನೆ ಇರಲು ಬಂದರು. ಅದೇ ಸಮಯಕ್ಕೆ ನಾವು ಹಳೆಯ ಬಚ್ಚಲುಮನೆಯನ್ನು ಹೊಸದು ಮಾಡಿಸುತ್ತಿದ್ದೆವು. ಗೋಡೆಗೆ ತೂಗಿಸಿದ್ದ ಬಿಳಿಯ ಹಳೆಯ ಬೇಸಿನ್ ತೆಗೆಸಿ, ಬಣ್ಣದ ಕೈಪಿಡಿಯೊಂದನ್ನು ನೋಡಿ ಮೆಚ್ಚಿದ ವ್ಯಾನಿಟಿಯನ್ನು ತಂದೆ. ಕೆಳಗೆ ಮರದ ಬಣ್ಣದ ಬೀರು, ಅದರ ಮೇಲೆ ಕಪ್ಪು ಕಲ್ಲು, ಕಲ್ಲಿನ ಮೇಲೆ ಬಟ್ಟಲಿನಂತೆ ಕುಳಿತ ಬೇಸಿನ್. ನೋಡಿದವರೆಲ್ಲ ಹೊಗಳಿದರು. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವವನಿಗೆ ಚೌಕಟ್ಟಿನೊಳಗೆ ಚೆನ್ನಾಗಿ ಕಾಣುವುದೆಲ್ಲ ಚೆನ್ನಾಗಿಯೇ ಇದೆ ಎನಿಸುವ ಒಂದು ದೌರ್ಬಲ್ಯವಿರುತ್ತದೆ.

ತಾಯಿ ಏನೂ ಹೇಳಲಿಲ್ಲ. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಅವರು ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಿಂದ ಹಿಂದಿರುಗುವಾಗ ಕೇಳಿದೆ: "ಅಮ್ಮ, ಬೇಸಿನ್ ಇರುವಾಗ ನೆಲದ ಮೇಲೆ ಚೊಂಬು ಇಟ್ಟುಕೊಂಡು ಯಾಕೆ ಮುಖ ತೊಳೆಯೋದಕ್ಕೆ ಹೋದೆ?" ಅವರು ಹೇಳಿದರು: "ಅದು ನನಗೆ ಎಟುಕೋದಿಲ್ಲ ಕಣೋ. ಕೈ ಎತ್ತಿದರೆ ನೀರೆಲ್ಲ ಮೊಣಕೈಗೆ ಇಳಿದು ರವಿಕೆ ನೆನೆಯುತ್ತೆ. ಅಷ್ಟೊಂದು ದುಡ್ಡು ಸುರಿದು ಮಾಡಿಸಿದ್ದೀಯ, ಹೇಗೆ ಹೇಳಲಿ?"

ವಿಜ್ಞಾನ ಪದವೀಧರನಾದ ನಾನು ಒಂದು ಅಳತೆಪಟ್ಟಿಯನ್ನು ಹಿಡಿಯದೆ ಆ ವಸ್ತುವನ್ನು ಕೊಂಡಿದ್ದೆ. ಇಂದಿನ ಮಾತು ಆ ಅಳತೆಪಟ್ಟಿಯಿಂದಲೇ ಆರಂಭವಾಗಲಿ.

ನಿಂತುಕೊಂಡು ಕೈ ತೊಳೆಯುವಾಗ ನೀರು ಬೆರಳಿನ ತುದಿಯಿಂದ ಕೆಳಗೆ ಬೀಳಬೇಕು. ಇದಕ್ಕೆ ಬೆರಳು ಮೊಣಕೈಗಿಂತ ತಗ್ಗಿನಲ್ಲಿರಬೇಕು. ನೀರು ಇಳಿಜಾರನ್ನು ಹುಡುಕುತ್ತದೆ, ಅಷ್ಟೆ. ಬೇಸಿನ್ನಿನ ಅಂಚು ಮೊಣಕೈಗಿಂತ ಸುಮಾರು 10ರಿಂದ 15 ಸೆಂ.ಮೀ. ಕೆಳಗಿದ್ದರೆ ಒಳ್ಳೆಯದು. ನಿಂತಾಗ ಮೊಣಕೈ ಇರುವ ಎತ್ತರ ದೇಹದ ಎತ್ತರದ ಶೇಕಡಾ 63ರಷ್ಟು ಎಂದು ಅಂದಾಜು ಮಾಡಬಹುದು. ನನ್ನ ತಾಯಿಯ ಎತ್ತರ 147 ಸೆಂ.ಮೀ. ಅಂದರೆ ಮೊಣಕೈ ಸುಮಾರು 93 ಸೆಂ.ಮೀ. ಎತ್ತರದಲ್ಲಿದೆ. ಅವರಿಗೆ ತಕ್ಕ ಬೇಸಿನ್ ಅಂಚು 78ರಿಂದ 83 ಸೆಂ.ಮೀ. ನಾನು ತಂದ ಬೀರು ಕಲ್ಲೂ ಸೇರಿ 80 ಸೆಂ.ಮೀ., ಅದರ ಮೇಲೆ ಬಟ್ಟಲು 15 ಸೆಂ.ಮೀ. ಒಟ್ಟು 95. ಅಂಚು ಅವರ ಮೊಣಕೈಗಿಂತಲೂ ಮೇಲಿತ್ತು! ಎರಡು ನಿಮಿಷದ ಗುಣಾಕಾರ ಮಾಡಿದ್ದರೆ ಒಂದು ಮಣಿಕಟ್ಟು ಉಳಿಯುತ್ತಿತ್ತು.

ಈಗ ಮಾದರಿಗಳನ್ನು ನೋಡೋಣ. ಹೆಸರು ಹಲವಿದ್ದರೂ ಮೂಲದಲ್ಲಿ ನಾಲ್ಕು ಬಗೆ ಎನ್ನಬಹುದು. ಮೊದಲನೆಯದು ಗೋಡೆಗೆ ಬೋಲ್ಟ್ ಹಾಕಿ ತೂಗಿಸುವ ಬೇಸಿನ್. ನಮ್ಮ ಶಾಲೆ, ಹೋಟೆಲು, ಮದುವೆ ಛತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಎರಡನೆಯದು ಪೆಡೆಸ್ಟಲ್, ಅಂದರೆ ಕೆಳಗೆ ಪಿಂಗಾಣಿಯ ಕಂಬವಿರುವುದು. ಕಂಬ ಕೊಳವೆಗಳನ್ನು ಮರೆಮಾಡುತ್ತದೆ. ಬೇಸಿನ್ನನ್ನು ಮಾತ್ರ ಇಲ್ಲಿಯೂ ಗೋಡೆಗೆ ಬಿಗಿಯಲೇಬೇಕು. ಮೂರನೆಯದು ಕಲ್ಲಿನ ಹಲಗೆಯಲ್ಲಿ ತೂತು ಕೊರೆದು ಒಳಗೆ ಇಳಿಸಿದ ಬೇಸಿನ್. ನಾಲ್ಕನೆಯದು ಹಲಗೆಯ ಮೇಲೆ ಕೂರುವ ಬಟ್ಟಲು, ಅಂಗಡಿಯವರು ಟೇಬಲ್ ಟಾಪ್ ಎನ್ನುತ್ತಾರೆ. ಕೊನೆಯ ಎರಡಕ್ಕೆ ಕೆಳಗೆ ಬೀರು ಮಾಡಿಸಬಹುದು, ಖಾಲಿಯಾಗಿಯೂ ಬಿಡಬಹುದು.

ಜಾಗ ಇಕ್ಕಟ್ಟಾಗಿದ್ದರೆ ಮೊದಲ ಬಗೆಯೇ ಲೇಸು. ಕೆಳಗಿನ ನೆಲ ಖಾಲಿ ಉಳಿಯುತ್ತದೆ, ಪೊರಕೆ ಎಲ್ಲ ಕಡೆ ಆಡುತ್ತದೆ, ಬೇಕಾದ ಎತ್ತರಕ್ಕೆ ಹಾಕಿಸಬಹುದು. ಗಾಲಿಕುರ್ಚಿಯಲ್ಲಿ ಕುಳಿತವರೂ, ಸ್ಟೂಲಿನ ಮೇಲೆ ಕೂರಬೇಕಾದ ಹಿರಿಯರೂ ಮೊಣಕಾಲನ್ನು ಒಳಗೆ ಚಾಚಿ ಹತ್ತಿರ ಬರಬಹುದು. ಅದಕ್ಕೆ ಬೇಸಿನ್ ಕೆಳಗೆ ಸುಮಾರು 68 ಸೆಂ.ಮೀ. ಎತ್ತರದ ಖಾಲಿ ಜಾಗ ಬೇಕು. ಬೀರು ಇದ್ದರೆ ಮೊಣಕಾಲು ಬಾಗಿಲಿಗೆ ತಗಲುತ್ತದೆ. ಸಾಮಾನು ಇಡುವ ಅನುಕೂಲ ಬೇಕೆಂದರೆ ಬೀರು ಒಳ್ಳೆಯದು, ಆದರೆ ಕುಳಿತು ತೊಳೆಯಬೇಕಾದವರು ಮನೆಯಲ್ಲಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ತೂಗುವ ಬೇಸಿನ್ನಿನಲ್ಲಿ ಒಂದು ಎಚ್ಚರ ಅಗತ್ಯ. ಸನ್ನೆಗೋಲಿನ ಪಾಠ ನೆನಪಿಸಿಕೊಳ್ಳಿ. ಬೇಸಿನ್ನಿನ ಮುಂದಿನ ಅಂಚು ಗೋಡೆಯಿಂದ 45 ಸೆಂ.ಮೀ. ದೂರವಿದೆ ಎನ್ನಿ. ಯಾರೋ ಆಯತಪ್ಪಿ ಆ ಅಂಚಿನ ಮೇಲೆ 40 ಕಿಲೋಗ್ರಾಂ ಭಾರ ಹಾಕಿದರು. ಬೇಸಿನ್ನಿನ ಹಿಂಬದಿಯ ಕೆಳ ಅಂಚು ಗೋಡೆಗೆ ಒತ್ತಿಕೊಂಡು ಆನಿಕೆಯಾಗುತ್ತದೆ. ಬೋಲ್ಟುಗಳು ಆ ಆನಿಕೆಗಿಂತ 15 ಸೆಂ.ಮೀ. ಮೇಲಿವೆ. 40ನ್ನು 45ರಿಂದ ಗುಣಿಸಿ 15ರಿಂದ ಭಾಗಿಸಿ. 120 ಬಂದಿತು! ಹಾಕಿದ ಭಾರ 40 ಕಿಲೋಗ್ರಾಂ, ಬೋಲ್ಟನ್ನು ಗೋಡೆಯಿಂದ ಹೊರಗೆಳೆಯುವ ಸೆಳೆತ 120 ಕಿಲೋಗ್ರಾಂ ತೂಕದಷ್ಟು. ಗಟ್ಟಿ ಇಟ್ಟಿಗೆಯ ಗೋಡೆ ಇದನ್ನು ತಡೆಯಬಲ್ಲದು. ಹಾಲೋ ಬ್ಲಾಕ್ ಗೋಡೆಯಾದರೆ ಬೋಲ್ಟ್ ಟೊಳ್ಳಿನೊಳಗೆ ಹೋಗಿ ಹಿಡಿತವೇ ಇರುವುದಿಲ್ಲ. ಅಂಥಲ್ಲಿ ಆ ಜಾಗದ ಬ್ಲಾಕುಗಳಿಗೆ ಮೊದಲೇ ಕಾಂಕ್ರೀಟ್ ತುಂಬಿಸಬೇಕು. ಮೇಸ್ತ್ರಿಗೆ ಇದನ್ನು ಟೈಲ್ಸ್ ಅಂಟಿಸುವ ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ಪ್ರಯೋಜನವಿಲ್ಲ. ಹಿರಿಯರಿರುವ ಮನೆಯಲ್ಲಿ ಅವರು ಬೇಸಿನ್ ಹಿಡಿದು ಏಳದಂತೆ ಪಕ್ಕದಲ್ಲಿ ಸ್ಟೀಲಿನ ಹಿಡಿಕೆಯೊಂದನ್ನು ಬೇರೆಯಾಗಿಯೇ ಹಾಕಿಸುವುದು ಉತ್ತಮ.

ಇನ್ನು ಯಾವುದರಿಂದ ಮಾಡಿದ ಬೇಸಿನ್ ಕೊಳ್ಳಬೇಕು? ನಾವು ಪಿಂಗಾಣಿ ಎಂದು ಕರೆಯುವ ಬಿಳಿ ಬೇಸಿನ್ ಕೇಯೊಲಿನ್ ಮುಂತಾದ ಜೇಡಿಮಣ್ಣು, ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳ ಮಿಶ್ರಣ. ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ, ಕಣಗಳ ನಡುವಿನ ಸಂದುಗಳನ್ನು ತುಂಬುತ್ತದೆ. ಆದ್ದರಿಂದ ಒಳ್ಳೆಯ ಪಿಂಗಾಣಿ ತನ್ನ ತೂಕದ ಶೇಕಡಾ ಅರ್ಧದಷ್ಟು ನೀರನ್ನೂ ಹೀರುವುದಿಲ್ಲ. ಸಾಮಾನ್ಯ ಇಟ್ಟಿಗೆ ಶೇಕಡಾ 15, 20ರಷ್ಟು ಹೀರಬಹುದು. ಇದನ್ನು ನೀವೇ ಪರೀಕ್ಷಿಸಬಹುದು. ಒಡೆದ ಬೇಸಿನ್ನಿನ ಒಂದು ಚೂರು, ಇಟ್ಟಿಗೆಯ ಒಂದು ಚೂರು ತೆಗೆದುಕೊಳ್ಳಿ. ಒಣಗಿದಾಗ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಡಿ, ಮೇಲಿನ ನೀರನ್ನು ಒರೆಸಿ ಮತ್ತೆ ತೂಗಿ. ಪ್ರಯೋಗಶಾಲೆಯ ತಕ್ಕಡಿ ಸಾಕು. ಪಿಂಗಾಣಿಯ ಚೂರಿನ ಅಂಚು ಚಾಕುವಿನಂತೆ ಹರಿತ, ಆದ್ದರಿಂದ ಬಟ್ಟೆಯಲ್ಲಿ ಹಿಡಿಯಿರಿ.

ಬೇಸಿನ್ ಕೂರಿಸುವ ಕಲ್ಲಿನ ವಿಷಯದಲ್ಲಿ ರಸಾಯನಶಾಸ್ತ್ರ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ನಮ್ಮ ರಾಜ್ಯದಲ್ಲಿ ಕಲ್ಲಿಗೆ ಕೊರತೆಯಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟು, ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೂ ಹೋಗುತ್ತವೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ನೆರೆಯ ಆಂಧ್ರದ ಕಡಪ ಕಲ್ಲು ಬಚ್ಚಲಿನಲ್ಲಿ, ಅಡುಗೆಮನೆಯಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ. ಇವುಗಳಲ್ಲಿ ಒಂದು ವ್ಯತ್ಯಾಸವಿದೆ. ಗ್ರಾನೈಟಿನಲ್ಲಿ ಮುಖ್ಯವಾಗಿ ಇರುವುದು ಸಿಲಿಕೇಟುಗಳು. ಶಹಾಬಾದ್ ಮತ್ತು ಕಡಪ ಕಲ್ಲುಗಳು ಸುಣ್ಣಕಲ್ಲಿನ ಜಾತಿಯವು. ಅಮೃತಶಿಲೆಯೂ ಅದೇ ಕುಲದ್ದು. ಇವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಹೆಚ್ಚು. ನಿಂಬೆರಸ, ಹುಣಿಸೆಹುಳಿ ಅಥವಾ ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಕಾರ್ಬೊನೇಟ್ ಕರಗಿ, ಇಂಗಾಲದ ಡೈಆಕ್ಸೈಡ್ ಹೊರಟು, ಹೊಳಪು ಹೋಗಿ ಮೈ ಒರಟಾಗುತ್ತದೆ. ಸಂಶಯವಿದ್ದರೆ ಕಲ್ಲಿನ ಅಂಗಡಿಯಲ್ಲಿ ಬಿದ್ದಿರುವ ಚೂರೊಂದನ್ನು ಕೇಳಿ ತಂದು ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮಚ್ಚೆ ಕಂಡರೆ ಆ ಕಲ್ಲಿನ ಕುಲ ತಿಳಿಯಿತು.

ಕೊಳವೆಬಾವಿಯ ನೀರು ಬಳಸುವವರಿಗೆ ಇದೇ ಕಾರ್ಬೊನೇಟ್ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಹನಿ ಆರಿದಾಗ ಅದು ಕಾರ್ಬೊನೇಟಾಗಿ, ಬಿಳಿಯ ಕಲೆಯಾಗಿ ಉಳಿಯುತ್ತದೆ. ಬಿಳಿ ಬೇಸಿನ್ನಿನ ಮೇಲೆ ಈ ಕಲೆ ಕಾಣುವುದಿಲ್ಲ, ಕಪ್ಪು ಬೇಸಿನ್ ಮತ್ತು ಕಪ್ಪು ಕಲ್ಲಿನ ಮೇಲೆ ಮೈಯೆಲ್ಲ ಬೂದಿ ಬಳಿದಂತೆ ಕಾಣುತ್ತದೆ. ಕಪ್ಪು ಬಣ್ಣ ಬೇಕೇಬೇಕೆಂದರೆ ದಿನವೂ ಒಣ ಬಟ್ಟೆಯಲ್ಲಿ ಒರೆಸುವವರು ಯಾರು ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಸಾಮಾನ್ಯವಾಗಿ ಆ ಕೆಲಸ ಬೇಸಿನ್ ಆರಿಸಿದವರ ಪಾಲಿಗೆ ಬರುವುದಿಲ್ಲ! ಪಿಂಗಾಣಿಯ ಮೇಲಿನ ಕಲೆಗೆ ವಿನೆಗರ್ ಅಥವಾ ನಿಂಬೆರಸ ಸಾಕು. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಒಟ್ಟಿಗೆ ಬಳಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಅದು ಪ್ರಾಣಾಪಾಯ.

ಬೀರು ಮಾಡಿಸುವುದಾದರೆ ಮರದ ಆಯ್ಕೆಗೆ ಗಮನ ಕೊಡಬೇಕು. ಹೊರಗೆ ಒಂದೇ ಬಗೆಯ ಹೊಳೆಯುವ ಹಾಳೆ ಅಂಟಿಸಿರುವುದರಿಂದ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಅಗ್ಗದ ಬೀರುಗಳಲ್ಲಿ ಇರುವುದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚಕ್ಕೆಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಇದಕ್ಕೆ ಹೆಚ್ಚಾಗಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ತೇವದಲ್ಲಿ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಚಕ್ಕೆಗಳು ನೀರು ಹೀರಿ ಉಬ್ಬುತ್ತವೆ. ಒಣಗಿದರೂ ಮೊದಲಿನ ಅಳತೆಗೆ ಬರುವುದಿಲ್ಲ. ಹಿಡಿತ ಸಡಿಲವಾಗಿ ಕೀಲಿನ ಸ್ಕ್ರೂ ಕಿತ್ತು ಬರುತ್ತದೆ. ನನ್ನ ಬೀರು ಒಂದೇ ಮಳೆಗಾಲದಲ್ಲಿ ತಳದಿಂದ ನಾಲ್ಕು ಬೆರಳಿನಷ್ಟು ಉಬ್ಬಿ ನಿಂತಿತು. ನೀರಿನ ಬಳಿ ಬಳಸಬೇಕಾದದ್ದು ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ತಯಾರಾದ, ಕುದಿಯುವ ನೀರನ್ನು ತಾಳುವ ಪ್ಲೈವುಡ್. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 710 ಎಂಬ ಗುರುತು ಹಲಗೆಯ ಮೇಲೆ ಅಚ್ಚಾಗಿರುತ್ತದೆ. ಬಡಗಿಯನ್ನು ಆ ಗುರುತು ತೋರಿಸಲು ಕೇಳಿ. ಪ್ಲೈವುಡ್ ಎಷ್ಟೇ ಒಳ್ಳೆಯದಾದರೂ ಕತ್ತರಿಸಿದ ಅಂಚಿಗೆ ಪಟ್ಟಿ ಅಂಟಿಸಿ ಮುಚ್ಚಬೇಕು. ಬೀರನ್ನು ನೆಲಕ್ಕೆ ತಾಗಿಸದೆ ಒಂದು ಗೇಣು ಮೇಲೆ ನಿಲ್ಲಿಸಿದರೆ ನೀರೂ ಗೆದ್ದಲೂ ಸುಲಭವಾಗಿ ಹತ್ತುವುದಿಲ್ಲ, ಜಿರಲೆಗಳಿಗೆ ಅಡಗುತಾಣವೂ ಕಡಿಮೆಯಾಗುತ್ತದೆ. ಮಲೆನಾಡಿನವರು ಬಾಗಿಲಿನಲ್ಲಿ ಗಾಳಿಯಾಡುವ ಸಂದುಗಳನ್ನು ಬಿಡಿಸಬೇಕು. ಇಲ್ಲದಿದ್ದರೆ ಆಷಾಢದಲ್ಲಿ ಒಳಗೆಲ್ಲ ಬೂಷ್ಟು. ಕರಾವಳಿಯ ಉಪ್ಪುಗಾಳಿಯಲ್ಲಿ ಕೀಲು, ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ.

ಈಗ ನಿಮ್ಮ ಮನೆಯ ಬೇಸಿನ್ ಕೆಳಗೆ ಬಗ್ಗಿ ನೋಡಿ. ನೀರು ಹೊರಹೋಗುವ ಕೊಳವೆ ನೇರವಾಗಿ ಇಳಿಯದೆ ಬಳುಕಿ ಹೋಗಿರುತ್ತದೆ, ಇಲ್ಲವೇ ಶೀಸೆಯಾಕಾರದ ಒಂದು ಭಾಗ ಅಲ್ಲಿರುತ್ತದೆ. ಇದನ್ನು ಟ್ರ್ಯಾಪ್ ಎನ್ನುತ್ತಾರೆ. ಬಳುಕಿನಲ್ಲಿ ಯಾವಾಗಲೂ ಐದು ಸೆಂ.ಮೀ. ಅಥವಾ ಹೆಚ್ಚು ಆಳದ ನೀರು ನಿಂತಿರುತ್ತದೆ. ನೀರು ಹೋಗಲು ದಾರಿ ಇದೆ, ಒಳಚರಂಡಿಯ ಗಾಳಿ ಮೇಲೆ ಬರಲು ದಾರಿ ಇಲ್ಲ. ಎಷ್ಟು ಸರಳವಾದ ಉಪಾಯ ನೋಡಿ! ಚಲಿಸುವ ಭಾಗ ಒಂದೂ ಇಲ್ಲ. ಬಾಗಿಲಿನ ಕೆಲಸವನ್ನು ನೀರೇ ಮಾಡುತ್ತದೆ. ಸ್ಕಾಟ್ಲೆಂಡಿನಿಂದ ಬಂದು ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಶೌಚಾಲಯದಲ್ಲಿ ಇಂಥ ಬಳುಕಿದ ಕೊಳವೆ ಇತ್ತು.

ಆ ಒಂದು ಲೋಟ ನೀರು ಆರಿಹೋದರೆ ಏನಾಗಬಹುದೆಂದು 2003ರಲ್ಲಿ ಹಾಂಕಾಂಗ್ ನಗರ ಕಂಡಿತು. ಅಲ್ಲಿನ ಅಮೊಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ತಗಲಿತು. ತನಿಖೆ ನಡೆಸಿದವರು ಗುರುತಿಸಿದ ಮುಖ್ಯ ಕಾರಣಗಳಲ್ಲಿ ಒಂದು, ಬಚ್ಚಲಿನ ನೆಲದ ಟ್ರ್ಯಾಪುಗಳಲ್ಲಿ ನೀರು ಒಣಗಿಹೋಗಿದ್ದುದು. ಬಚ್ಚಲಿನ ಫ್ಯಾನ್ ಗಾಳಿಯನ್ನು ಹೊರಕ್ಕೆ ಎಳೆದಾಗ ಒಳಚರಂಡಿಯ ಸೋಂಕಿನ ಹನಿಗಳು ಖಾಲಿ ಟ್ರ್ಯಾಪಿನ ಮೂಲಕ ಮನೆಯೊಳಗೆ ಬಂದವು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬಂದಾಗ ಬಚ್ಚಲು ನಾರುತ್ತಿದ್ದರೆ ಕಾರಣ ಇದೇ. ಪ್ರತಿ ತೂತಿಗೂ ಒಂದು ಚೊಂಬು ನೀರು ಹಾಕಿ, ವಾಸನೆ ನಿಲ್ಲುತ್ತದೆ. ವ್ಯಾನಿಟಿ ಕೊಳ್ಳುವಾಗ ಟ್ರ್ಯಾಪಿಗೆ ಬೀರಿನೊಳಗೆ ಜಾಗವಿದೆಯೇ, ಬಿಚ್ಚಿ ತೊಳೆಯಲು ಕೈ ಹೋಗುತ್ತದೆಯೇ, ನೀರು ನಿಲ್ಲಿಸುವ ಚಿಕ್ಕ ವಾಲ್ವ್ ಕೈಗೆ ಸಿಗುತ್ತದೆಯೇ ಎಂದು ನೋಡಲೇಬೇಕು. ನನ್ನ ಬೀರಿನಲ್ಲಿ ಖಾನೆ ಮಾಡಲು ಹೋಗಿ ಟ್ರ್ಯಾಪನ್ನು ಹಲಗೆಯ ಹಿಂದೆ ಬಚ್ಚಿಟ್ಟಿದ್ದರು. ಅಲ್ಲಿ ತೊಟ್ಟಿಕ್ಕುತ್ತಿದ್ದುದು ತಿಂಗಳುಗಟ್ಟಲೆ ಯಾರಿಗೂ ಕಾಣಲಿಲ್ಲ.

ಬೇಸಿನ್ ಜೊತೆಗೆ ನಲ್ಲಿಯ ಆಯ್ಕೆಯೂ ಆಗಬೇಕಲ್ಲ. ಒಂದು ಬಕೆಟ್ ಮತ್ತು ಗಡಿಯಾರ ತಂದು ನಿಮ್ಮ ನಲ್ಲಿ ಒಂದು ನಿಮಿಷಕ್ಕೆ ಎಷ್ಟು ನೀರು ಬಿಡುತ್ತದೆ ಎಂದು ಅಳೆಯಿರಿ. ಪೂರ್ತಿ ತಿರುಗಿಸಿದಾಗ 10 ಲೀಟರ್ ಬರುವುದು ಅಪರೂಪವಲ್ಲ. ಹಲ್ಲುಜ್ಜುವ ಎರಡು ನಿಮಿಷ ನಲ್ಲಿ ಬಿಟ್ಟೇ ಇದ್ದರೆ 20 ಲೀಟರ್. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಎರಡು ಸಲ ಎಂದರೆ 160 ಲೀಟರ್. ನಮ್ಮ ದೇಶದಲ್ಲಿ ನಗರದ ನೀರಿನ ಯೋಜನೆ ರೂಪಿಸುವವರು ಒಬ್ಬ ವ್ಯಕ್ತಿಗೆ ದಿನದ ಎಲ್ಲ ಕೆಲಸಕ್ಕೂ ಸೇರಿ ಲೆಕ್ಕ ಹಿಡಿಯುವುದು 135 ಲೀಟರ್! ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಬೆಟ್ಟ ಹತ್ತಿಸಿದಂತೆ ಹಂತಹಂತವಾಗಿ ಪಂಪ್ ಮಾಡಿಸಿಕೊಂಡು ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಅಭಾವ ತೀವ್ರವಾದಾಗ ಜಲಮಂಡಳಿ ಮಾರ್ಚ್ ತಿಂಗಳಲ್ಲಿ ಹೋಟೆಲು, ಕಚೇರಿ, ಅಪಾರ್ಟ್‌ಮೆಂಟು ಮುಂತಾದ ಕಡೆ ನಲ್ಲಿಗಳಿಗೆ ಏರಿಯೇಟರ್ ಅಳವಡಿಸುವುದನ್ನು ಕಡ್ಡಾಯ ಮಾಡಿತು. ಇದು ನಲ್ಲಿಯ ಬಾಯಿಗೆ ತಿರುಗಿಸುವ ಚಿಕ್ಕ ಜಾಲರಿ. ನೀರಿನ ಹರಿವನ್ನು ತಗ್ಗಿಸಿ ಗಾಳಿಯನ್ನು ಬೆರೆಸುತ್ತದೆ. ಧಾರೆ ತುಂಬಿಕೊಂಡಂತೆ ಕಂಡರೂ ನೀರು ಅರ್ಧ ಅಥವಾ ಅದಕ್ಕೂ ಕಡಿಮೆ. ಬಟ್ಟಲಿನ ಆಳ ಕಡಿಮೆಯಾಗಿ ನಲ್ಲಿ ಎತ್ತರವಾಗಿದ್ದರೆ ನೀರು ಸಿಡಿದು ಸುತ್ತ ನೆಲ ಒದ್ದೆಯಾಗುತ್ತದೆ. ಒದ್ದೆ ನೆಲವೇ ಜಾರುವ ನೆಲ ಎಂಬುದನ್ನು ನಾನು ನಿಮಗೆ ಮತ್ತೆ ಹೇಳಬೇಕಾಗಿಲ್ಲ.

ಇನ್ನು ಕನ್ನಡಿ. ಇಲ್ಲಿ ನನ್ನ ವೃತ್ತಿಯ ಅನುಭವ ಸ್ವಲ್ಪ ಕೆಲಸಕ್ಕೆ ಬರುತ್ತದೆ. ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ ದೀಪಗಳು ಕನ್ನಡಿಯ ಎರಡೂ ಪಕ್ಕದಲ್ಲಿರುತ್ತವೆ. ದೀಪ ತಲೆಯ ಮೇಲೆ ಮಾತ್ರ ಇದ್ದರೆ ಹುಬ್ಬು, ಮೂಗಿನ ನೆರಳು ಬಿದ್ದು ಕಣ್ಣು ಗುಳಿಬಿದ್ದಂತೆ ಕಾಣುತ್ತದೆ. ಮನೆಯಲ್ಲೂ ಅದೇ ನಿಯಮ. ಸಮತಲ ಕನ್ನಡಿಯಲ್ಲಿ ಮುಖ ಕಾಣಲು ಮುಖದ ಅರ್ಧದಷ್ಟು ಎತ್ತರದ ಕನ್ನಡಿ ಸಾಕು. ನೀವು ಹತ್ತಿರ ನಿಂತರೂ ದೂರ ನಿಂತರೂ ಈ ಲೆಕ್ಕ ಬದಲಾಗದು. ಕಿರಣಚಿತ್ರ ಬರೆದು ಸಾಧಿಸಿ ನೋಡಿ. ಆದರೆ ಮನೆಯಲ್ಲಿ ಎಲ್ಲರ ಕಣ್ಣೂ ಒಂದೇ ಎತ್ತರದಲ್ಲಿಲ್ಲ. ಸ್ಟೂಲಿನ ಮೇಲೆ ಕುಳಿತ ನನ್ನ ತಾಯಿಯ ಕಣ್ಣು ನೆಲದಿಂದ 110 ಸೆಂ.ಮೀ., ನಿಂತ ನನ್ನದು 159 ಸೆಂ.ಮೀ. ಇಬ್ಬರಿಗೂ ಗಲ್ಲದಿಂದ ನೆತ್ತಿಯವರೆಗೆ ಕಾಣಬೇಕಾದರೆ ಕನ್ನಡಿ 100ರಿಂದ 165 ಸೆಂ.ಮೀ.ವರೆಗೆ ಇರಬೇಕು. ದೀಪ, ಗೀಸರ್, ಶೇವರ್ ಇವುಗಳ ಸ್ವಿಚ್ಚು ಒದ್ದೆ ಕೈಗೆ ಸಿಗದಷ್ಟು ದೂರದಲ್ಲಿರಲಿ. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಮನೆಯ ಹಲಗೆಯಲ್ಲಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ.

ಜಾಗದ ವಿಷಯದಲ್ಲಿ ನಮ್ಮ ಹಿರಿಯರ ಒಂದು ಪದ್ಧತಿಯನ್ನು ಮರೆಯಬಾರದು. ಹೊರಗಿನಿಂದ ಬಂದವರಿಗೆ ಹೊಸ್ತಿಲಿನ ಆಚೆಯೇ ಚೊಂಬಿನಲ್ಲಿ ನೀರು ಕೊಡುತ್ತಿದ್ದರು. ಅನೇಕ ಮನೆಗಳಲ್ಲಿ ಇಂದಿಗೂ ಬೇಸಿನ್ ಇರುವುದು ಬಚ್ಚಲಿನ ಹೊರಗೆ, ಊಟದ ಜಾಗದ ಪಕ್ಕದಲ್ಲಿ. ಒಬ್ಬರು ಸ್ನಾನಕ್ಕೆ ಹೋದಾಗ ಇನ್ನೊಬ್ಬರು ಮುಖ ತೊಳೆಯಬಹುದು. ಸ್ನಾನದ ಹಬೆಯಿಂದ ದೂರವಿರುವ ಬೀರು ಹೆಚ್ಚು ಕಾಲ ಬಾಳುತ್ತದೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ವೈದ್ಯ ಸೆಮ್ಮೆಲ್‌ವೈಸ್ ಹೆರಿಗೆ ಕೋಣೆಗೆ ಹೋಗುವ ಮೊದಲು ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದಾಗ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. 2020ರ ಕೋವಿಡ್ ದಿನಗಳಲ್ಲಿ ನಾವೆಲ್ಲ ಬಾಗಿಲಿನ ಬಳಿಯೇ ಸೋಪು ಇಟ್ಟುಕೊಂಡದ್ದು ನಿಮಗೂ ನೆನಪಿರಬಹುದು. ಕೈ ತೊಳೆಯುವ ಜಾಗ ದಾರಿಯಲ್ಲೇ ಸಿಗಬೇಕು, ಎಲ್ಲರಿಗೂ ಎಟುಕಬೇಕು. ಆಗ ಮಾತ್ರ ಅದು ಬಳಕೆಯಾಗುತ್ತದೆ.

ನಾವು ಮುಂದೇನು ಮಾಡಿದೆವು ಎಂದು ಕೇಳುವಿರಿ. ತಾಯಿಯ ಕೈಗೆ ಆರು ವಾರ ಪ್ಲಾಸ್ಟರ್ ಇತ್ತು. ಅಷ್ಟರಲ್ಲಿ ಬೀರನ್ನು ಬಿಚ್ಚಿಸಿದೆ. ಈ ಸಲ ಅಂಗಡಿಗೆ ಹೋಗುವ ಮೊದಲು ಮನೆಯ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಮೊಣಕೈ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತಿಸಿದೆ. ಗೋಡೆಗೆ ತೂಗಿಸಿದ ಸಾದಾ ಬಿಳಿ ಬೇಸಿನ್, ಅಂಚು 80 ಸೆಂ.ಮೀ. ಎತ್ತರಕ್ಕೆ, ಕೆಳಗೆ ಖಾಲಿ ಜಾಗದಲ್ಲಿ ಒಂದು ಸ್ಟೂಲು, ಪಕ್ಕದಲ್ಲಿ ಹಿಡಿಕೆ, ತಿರುಗಿಸುವ ಬದಲು ಎತ್ತಿ ಇಳಿಸುವ ನಲ್ಲಿ. ಮುರಿದ ಕೈಯವರಿಗೆ ಎತ್ತುವ ನಲ್ಲಿ ಎಷ್ಟು ಉಪಕಾರಿ ಎಂದು ಆಗ ತಿಳಿಯಿತು. ಬೀರಿಗೆ ಕೊಟ್ಟ ಹಣದ ಮೂರನೆಯ ಒಂದು ಭಾಗವೂ ಖರ್ಚಾಗಲಿಲ್ಲ. ಹಳೆಯ ಕಪ್ಪು ಕಲ್ಲು ಹಿತ್ತಲಿನಲ್ಲಿ ಎರಡು ಇಟ್ಟಿಗೆ ಸಾಲಿನ ಮೇಲೆ ಕೂರುವ ಕಟ್ಟೆಯಾಗಿದೆ. ಬಟ್ಟಲಿನ ನೀರು ಇಳಿಯಲು ಕೊರೆದ ತೂತು ಅದರಲ್ಲಿ ಹಾಗೆಯೇ ಇದೆ. ಸಂಜೆ ತಾಯಿ ಅದರ ಮೇಲೆ ಕುಳಿತು ಹೂ ಕಟ್ಟುತ್ತಾರೆ.

ಮಿತ್ರರೇ, ನಿಮ್ಮಲ್ಲಿ ಹಲವರು ಮುಂದೆ ಎಂಜಿನಿಯರುಗಳೋ ವಾಸ್ತುಶಿಲ್ಪಿಗಳೋ ಆಗುವಿರಿ, ಎಲ್ಲರೂ ಒಂದು ಮನೆಯಲ್ಲಂತೂ ವಾಸಿಸುವಿರಿ. ಬಣ್ಣ, ಆಕಾರಗಳನ್ನು ಮೆಚ್ಚುವುದರಲ್ಲಿ ತಪ್ಪೇನಿಲ್ಲ. ಕ್ರಮ ಮಾತ್ರ ಹೀಗಿರಲಿ: ಮೊದಲು ಬಳಸುವವರು, ಆಮೇಲೆ ಗೋಡೆ ಮತ್ತು ಕೊಳವೆ, ಆಮೇಲೆ ನಿಮ್ಮ ಊರಿನ ನೀರು ಮತ್ತು ಹವೆ, ಕೊನೆಗೆ ಬಣ್ಣ. ಈ ಭಾನುವಾರ ಒಂದು ಅಳತೆಪಟ್ಟಿ ಹಿಡಿದು ನಿಮ್ಮ ಮನೆಯ ಬೇಸಿನ್ ಎತ್ತರವನ್ನೂ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ, ಎಲ್ಲರಿಗಿಂತ ಹಿರಿಯರ ಮೊಣಕೈ ಎತ್ತರವನ್ನೂ ಬರೆದುಕೊಳ್ಳಿ. ಜೊತೆಗೆ ಅಜ್ಜಿಯನ್ನೋ ತಾತನನ್ನೋ ಒಂದು ಮಾತು ಕೇಳಿ: "ಇದು ನಿಮಗೆ ಅನುಕೂಲವಾಗಿದೆಯಾ?" ಒಂದು ಸಲ ಕೇಳಿದರೆ "ಹೂಂ, ಪರವಾಗಿಲ್ಲ" ಎನ್ನುತ್ತಾರೆ. ಎರಡನೆಯ ಸಲವೂ ಕೇಳಿ.